ಪರಾಮರ್ಶನ ಗ್ರಂಥಗಳ ಪ್ರಾಮಾಣ್ಯವಿಚಾರ

ಕಾವ್ಯನಾಟಕಾದಿಗಳನ್ನು ಓದತಕ್ಕವನು ಗ್ರಂಥದ ಮೊದಲಿನಿಂದ ಕೊನೆಯವರೆಗೆ ಕವಿಯ ಜೊತೆಯಲ್ಲಿ ನಡೆಯುವನು. ರುಚಿಸದೆ ಹೋದರೆ ನಡುವೆಯೇ ಬಿಟ್ಟುಬಿಡುವನು. ಪರಾಮರ್ಶನ ಗ್ರಂಥವನ್ನು ತೆರೆಯುವವನ ರೀತಿ ಬೇರೆ. ಅವನಿಗೆ ಬೇಕಾದುದು ನ್ಯಾಯಸ್ಥಾನದಲ್ಲಿ ನಿಲ್ಲುವಂಥ ಒಂದು ಶಬ್ದದ ಅರ್ಥ, ಒಂದು ರೈಲುಬಂಡಿ ಹೊರಡುವ ವೇಳೆ, ಒಂದು ಹಡಗಿನ ದೃಢತೆ, ಒಂದು ಸರಕಿನ ಸುಂಕ, ಇಷ್ಟು ಮಾತ್ರ. ಅದು ದೊರೆತ ಕೂಡಲೆ ಪುಸ್ತಕವನ್ನು ಮುಚ್ಚಿ ತನ್ನ ಕಾರ್ಯಕ್ಕೆ ತೆರಳುವನು. ಬರೆದವನು ಯಾರು, ಆ ಮಾತನ್ನು ಎಲ್ಲಿಂದ ತಂದನು, ಯಾವ ವರ್ಷದಲ್ಲಿ ಬರೆದನು ಎಂದು ವಿಚಾರಿಸುವ ವ್ಯವಧಾನ ಅವನಿಗಿಲ್ಲ. ಆದುದರಿಂದ ಗ್ರಂಥಪ್ರಕಾರಗಳೆಲ್ಲದರಲ್ಲಿಯೂ ಅತ್ಯಧಿಕವಾದ ನಂಬಿಕೆಗೆ ಪಾತ್ರವಾಗಿ ಅತ್ಯಲ್ಪವಾದ ವಿಮರ್ಶೆಗೆ ಗುರಿಯಾಗಿರುವುದು ಈ ಪ್ರಕಾರವೇ. ಕಾನೂನು, ಸಂಚಾರ, ನೌಕಾಚರಿತ್ರೆ, ವಾಣಿಜ್ಯ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಇಂಥ ಗ್ರಂಥಗಳು ಪಶ್ಚಿಮದೇಶಗಳಲ್ಲಿ ಹೇಗೆ ಹುಟ್ಟಿ ಹೇಗೆ ನಿಂತುವೆಂಬುದನ್ನು ಪರೀಕ್ಷಿಸಿದರೆ, ಅವುಗಳ ಗುಣದೋಷಗಳನ್ನು ಅಳೆಯುವುದಕ್ಕೆ ಒಂದು ಮಾನದಂಡ ದೊರೆಯುವುದು.

ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೇ, ಅಥವಾ ಪರತಃ ಸಿದ್ಧವೇ ಎಂಬ ವಾದವು ಭಾರತೀಯ ದರ್ಶನಗಳಲ್ಲಿ ಬಹು ಹಳೆಯದು. ಜ್ಞಾನವು ತಾನಾಗಿಯೇ ಪ್ರಮಾಣವೆಂದೂ, ಬಾಧಕವು ತೋರಿದಾಗ ಮಾತ್ರ ಅದನ್ನು ಬಿಡಬೇಕೆಂದೂ ಮೀಮಾಂಸಕರು ಹೇಳುವರು. ನೈಯಾಯಿಕರು ಇದನ್ನು ಒಪ್ಪದೆ, ದೂರದಲ್ಲಿ ನೀರನ್ನು ಕಂಡವನು ಹೋಗಿ ಕುಡಿದು ಬಾಯಾರಿಕೆಯನ್ನು ಕಳೆದುಕೊಂಡ ಮೇಲೆಯೇ ಆ ಜ್ಞಾನವು ಪ್ರಮಾಣವೆಂದು ನಿಶ್ಚಯವಾಗುವುದೆಂದು ಸಾಧಿಸುವರು. ವೇದದ ವಿಷಯದಲ್ಲಿ ಯಾರ ಪಕ್ಷವು ಸರಿಯೆಂಬುದು ಇಲ್ಲಿ ಅಪ್ರಸ್ತುತ. ಪರಾಮರ್ಶನ ಗ್ರಂಥದ ವಿಷಯದಲ್ಲಿಯಾದರೋ ವಾಚಕನು ಮೀಮಾಂಸಕನಂತೆ ನಂಬುವನು. ಗ್ರಂಥವು ನಿಲ್ಲುವುದು ಮಾತ್ರ ನೈಯಾಯಿಕನ ಪರೀಕ್ಷೆಯಿಂದ. ತಪ್ಪು ಬರೆದರೆ ಯಾರಿಗೆ ನಷ್ಟ, ಆ ನಷ್ಟವನ್ನು ಅನುಭವಿಸಿದವನು ಗ್ರಂಥಕರ್ತನನ್ನು ಪ್ರಶ್ನಿಸಲು ಶಕ್ತನೇ, ಎಂಬ ಎರಡು ಮಾತುಗಳ ಮೇಲೆ ಇಂಥ ಗ್ರಂಥದ ಯೋಗ್ಯತೆಯು ನಿಂತಿರುವುದು. ಗಾತ್ರವೂ ಪಾಂಡಿತ್ಯವೂ ಅನಂತರದವು.

ಸಂಚಾರಕ್ಷೇತ್ರದ ಗ್ರಂಥವು ಇದಕ್ಕೆ ಅತಿ ಸ್ಪಷ್ಟವಾದ ನಿದರ್ಶನ. ಮ್ಯಾಂಚೆಸ್ಟರಿನ ನಕ್ಷೆಗಾರನಾದ ಜಾರ್ಜ್ ಬ್ರಾಡ್‌ಷಾ ಎಂಬವನು ೧೮೩೯ರಲ್ಲಿ ಇಂಗ್ಲೆಂಡಿನ ರೈಲುಬಂಡಿಗಳ ವೇಳಾಪಟ್ಟಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಒಟ್ಟುಗೂಡಿಸಿದನು. ೧೮೪೧ರ ಡಿಸೆಂಬರಿನಿಂದ ಅದು ತಿಂಗಳು ತಿಂಗಳಿಗೂ ಹೊರಡತೊಡಗಿತು. ಬ್ರಾಡ್‌ಷಾ ೧೮೫೩ರಲ್ಲಿ ನಾರ್ವೆ ದೇಶದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ಅವನ ಹೆಸರನ್ನು ಹೊತ್ತ ಪುಸ್ತಕವು ೧೯೬೧ರವರೆಗೂ ಬದುಕಿತು. ಅದರಲ್ಲಿ ಸಾಹಿತ್ಯಗುಣವೆಂಬುದು ಲೇಶಮಾತ್ರವೂ ಇಲ್ಲ. ಅಂಕಿಗಳ ಸಾಲುಗಳು ಕಣ್ಣಿಗೆ ಕತ್ತಲೆ ತರುವಂತಿದ್ದುವು. ಆದರೆ ಪ್ರತಿಯೊಂದು ಸಂಚಿಕೆಯ ಮೇಲೂ ತಿಂಗಳಿನ ಹೆಸರು ಇರುತ್ತಿತ್ತು. ಆ ತಿಂಗಳು ಕಳೆದರೆ ಆ ಪುಸ್ತಕದ ಆಯುಸ್ಸು ತೀರಿತು. ತಾನು ಎಷ್ಟು ದಿನಗಳವರೆಗೆ ಪ್ರಮಾಣವೆಂಬುದನ್ನು ಮುಖಪತ್ರದ ಮೇಲೆಯೇ ಒಪ್ಪಿಕೊಂಡ ಗ್ರಂಥಗಳು ಅದಕ್ಕೆ ಮುಂಚೆ ವಿರಳ.

ವೇಳಾಪಟ್ಟಿಯು ಬರಿಯ ತಿಳಿವಳಿಕೆಯೋ, ಅಥವಾ ಕೊಟ್ಟ ಮಾತೋ ಎಂಬ ಪ್ರಶ್ನೆಯನ್ನು ನ್ಯಾಯಸ್ಥಾನವು ಬೇಗನೆ ಎದುರಿಸಬೇಕಾಯಿತು. ೧೮೫೬ರಲ್ಲಿ ತೀರ್ಮಾನವಾದ ಡೆಂಟನ್ ಎಂಬ ಪ್ರಯಾಣಿಕನಿಗೂ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪೆನಿಗೂ ನಡೆದ ವ್ಯಾಜ್ಯವೇ ಅದು. ಹಲ್ ಎಂಬ ಊರಿಗೆ ಹೋಗತಕ್ಕ ಒಂದು ಬಂಡಿಯ ಸಂಪರ್ಕವು ನಿಂತುಹೋಗಿದ್ದರೂ ಕಂಪೆನಿಯು ತನ್ನ ಪಟ್ಟಿಯಲ್ಲಿ ಅದನ್ನು ಹಾಗೆಯೇ ಪ್ರಕಟಿಸುತ್ತ ಬಂದಿತ್ತು. ಪಟ್ಟಿಯನ್ನು ನಂಬಿ ಹೊರಟ ವಾದಿಯು ನಡುದಾರಿಯಲ್ಲಿ ಸಿಕ್ಕಿಕೊಂಡು ನಷ್ಟಪಟ್ಟನು. ಬಂಡಿಯು ಇಲ್ಲವೆಂದು ತಿಳಿದೂ ಇದೆಯೆಂದು ಸಾರುವುದು ಸಲ್ಲದೆಂದೂ, ಕಂಪೆನಿಯು ನಷ್ಟವನ್ನು ತುಂಬಿಕೊಡತಕ್ಕದ್ದೆಂದೂ ತೀರ್ಪಾಯಿತು. ಅಚ್ಚಾದ ಪಟ್ಟಿಯ ಮಾತು ಋಣವಾಗಬಹುದೆಂಬ ತತ್ತ್ವವು ಇದರಿಂದ ಸ್ಥಾಪಿತವಾಯಿತು.

ಕಾಲವನ್ನು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಗಡಿಯಾರದ ಕಾಲವೆಂಬುದನ್ನೂ ಹೇಳಬೇಕಾಯಿತು. ಆಗ ಊರೂರಿಗೂ ಸೂರ್ಯನನ್ನನುಸರಿಸಿದ ಬೇರೆ ಬೇರೆ ವೇಳೆಯಿದ್ದಿತು. ರೈಲ್ವೆಗಳು ಮಾತ್ರ ಗ್ರೀನಿಚ್ ವೇಳೆಯನ್ನು ಹಿಡಿದಿದ್ದುವು. ೧೮೫೮ರಲ್ಲಿ ಡಾರ್ಚೆಸ್ಟರ್ ಊರಿನ ಒಂದು ವ್ಯಾಜ್ಯದಲ್ಲಿ ಗ್ರೀನಿಚ್ ಗಡಿಯಾರದ ಹತ್ತು ಗಂಟೆಗೆ ನ್ಯಾಯಾಧೀಶನು ಪೀಠವನ್ನೇರಿ, ಪ್ರತಿವಾದಿಯು ಹಾಜರಿಲ್ಲವೆಂದು ವಾದಿಯ ಪರವಾಗಿ ತೀರ್ಮಾನಿಸಿದನು. ಊರಿನ ವೇಳೆಯಂತೆ ಇನ್ನೂ ಹತ್ತು ಹೊಡೆದಿರಲಿಲ್ಲ. ಮೇಲಣ ನ್ಯಾಯಸ್ಥಾನವು ಹತ್ತು ಗಂಟೆಯೆಂದರೆ ಆ ಊರಿನ ಹತ್ತು ಗಂಟೆಯೇ ಎಂದು ಹೇಳಿ ಪ್ರತಿವಾದಿಯನ್ನು ಉಳಿಸಿತು. ೧೮೮೦ರ ಶಾಸನವು ಬಂದ ಮೇಲೆಯೇ ಗ್ರೀನಿಚ್ ವೇಳೆಯು ಗ್ರೇಟ್ ಬ್ರಿಟನ್ನಿನಲ್ಲಿ ಕಾನೂನಿನ ವೇಳೆಯಾಯಿತು. ಭಾರತದಲ್ಲಿಯೂ ರೈಲ್ವೆಗಳು ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದು, ೧೯೦೬ರಿಂದ ದೇಶಕ್ಕೆಲ್ಲ ಒಂದೇ ವೇಳೆಯು ಜಾರಿಗೆ ಬಂದಿತು. ಒಂದು ಅಂಕಿಯು ಪುಸ್ತಕದಲ್ಲಿ ಸರಿಯಾಗಿಯೇ ಅಚ್ಚಾಗಿದ್ದರೂ ಅದರ ಪರಿಭಾಷೆಯು ಹೇಳದೆ ಉಳಿದಿದ್ದರೆ ವಾಚಕನು ವ್ಯಾಜ್ಯವನ್ನು ಕಳೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕಾನೂನಿನ ಕೋಶಗಳಲ್ಲಿ ದೋಷವು ಬೇರೊಂದು ದಾರಿಯಿಂದ ಪ್ರವೇಶಿಸುವುದು. ಕೇಂಬ್ರಿಡ್ಜಿನ ರೋಮನ್ ನ್ಯಾಯದ ಪ್ರಾಧ್ಯಾಪಕನಾದ ಜಾನ್ ಕೊವೆಲ್ ಎಂಬವನು ೧೬೦೭ರಲ್ಲಿ ‘ಇಂಟರ್‌ಪ್ರಿಟರ್’ ಎಂಬ ಕಾನೂನು ನಿಘಂಟನ್ನು ಪ್ರಕಟಿಸಿದನು. ಅದರಲ್ಲಿ ಶಬ್ದಗಳು ಅಕಾರಾದಿಯಾಗಿ ಜೋಡಿಸಲ್ಪಟ್ಟಿದ್ದುವು, ವಿದ್ವತ್ತಿಗೆ ಕೊರತೆಯಿರಲಿಲ್ಲ. ಆದರೆ ‘ರಾಜ’, ‘ಪಾರ್ಲಿಮೆಂಟು’, ‘ರಾಜಾಧಿಕಾರ’ ಮುಂತಾದ ಶಬ್ದಗಳ ಕೆಳಗೆ, ಅರಸನು ಕಾನೂನಿಗೆ ಮೇಲಾದವನೆಂಬ ಅಭಿಪ್ರಾಯವನ್ನು ಅವನು ಅರ್ಥವಿವರಣೆಯೆಂಬಂತೆ ಬರೆದಿಟ್ಟನು. ಇದೇ ಮಾತನ್ನು ಒಂದು ಪ್ರಬಂಧದಲ್ಲಿ ಬರೆದಿದ್ದರೆ ಅದು ಒಬ್ಬ ಪಂಡಿತನ ಮತವಾಗಿ ಉಳಿಯುತ್ತಿತ್ತು. ನಿಘಂಟಿನಲ್ಲಿ ಬಂದುದರಿಂದ ದೇಶದ ಕಾನೂನಾಗಿ ತೋರಿತು. ೧೬೧೦ರಲ್ಲಿ ಕಾಮನ್ಸ್ ಸಭೆಯು ಕೆರಳಿತು. ಆ ಅಭಿಪ್ರಾಯದಿಂದ ಲಾಭವನ್ನು ಪಡೆಯತಕ್ಕವನಾಗಿದ್ದ ಮೊದಲನೆಯ ಜೇಮ್ಸ್ ಅರಸನೇ ರಾಜಶಾಸನದ ಮೂಲಕ ಆ ಗ್ರಂಥವನ್ನು ಅಡಗಿಸಬೇಕಾಯಿತು. ಆ ಶತಮಾನದಲ್ಲಿಯೇ ಅದು ಮತ್ತೆ ಮುದ್ರಣವನ್ನು ಕಂಡಿತೆಂಬುದು ನಿಜ. ಗ್ರಂಥವನ್ನು ಅಡಗಿಸಿದುದನ್ನು ಯಾರೂ ಹೊಗಳಬೇಕಾಗಿಲ್ಲ. ಆದರೂ ಅಂದಿನ ಸಭಾಸದರು ಒಂದು ಮಾತನ್ನು ಸರಿಯಾಗಿ ಗ್ರಹಿಸಿದ್ದರು: ಅಕಾರಾದಿಯ ಕ್ರಮವು ನಿಷ್ಪಕ್ಷಪಾತವಾಗಿ ಕಾಣುವುದರಿಂದಲೇ ಪಕ್ಷಪಾತವು ಅದರೊಳಗೆ ಸುಖವಾಗಿ ಅಡಗಬಲ್ಲದು. ಮತಭೇದವಿರುವ ಕಡೆ ಅದಿದೆಯೆಂದು ತಿಳಿಸದ ಕೋಶವು ಅರ್ಥವನ್ನು ಹೇಳುವ ನೆವದಿಂದ ತೀರ್ಪನ್ನೇ ಕೊಟ್ಟುಬಿಡುವುದು.

ವಾಣಿಜ್ಯದ ಕೋಶಗಳಲ್ಲಿ ಎದ್ದು ಕಾಣುವ ದೋಷವು ಆಕರದ ಮರೆವು. ಫ್ರಾನ್ಸ್ ದೇಶದ ಸಾವರಿ ಮನೆತನದವರು ಈ ಬಗೆಯ ಗ್ರಂಥಗಳಿಗೆ ಆದಿಪುರುಷರೆನ್ನಬಹುದು. ತಂದೆಯಾದ ಜಾಕ್ ಸಾವರಿಯು ೧೬೭೩ರ ವಾಣಿಜ್ಯಶಾಸನದ ರಚನೆಯಲ್ಲಿ ಮುಖ್ಯಪಾತ್ರವನ್ನು ವಹಿಸಿ, ೧೬೭೫ರಲ್ಲಿ ವ್ಯಾಪಾರಿಗಳಿಗೊಂದು ಕೈಪಿಡಿಯನ್ನು ಬರೆದನು. ಸುಂಕದ ಇಲಾಖೆಯ ಅಧಿಕಾರಿಯಾಗಿದ್ದ ಮಗನು ತನ್ನ ಹುದ್ದೆಗೆ ಬೇಕಾದ ಟಿಪ್ಪಣಿಗಳನ್ನು ಶೇಖರಿಸುತ್ತ ಬಂದು ೧೭೧೬ರಲ್ಲಿ ತೀರಿಹೋಗಲು, ಅವನ ತಮ್ಮನು ಅವನ್ನು ಪೂರ್ತಿಮಾಡಿ ೧೭೨೩ರಲ್ಲಿ ವಾಣಿಜ್ಯದ ಮಹಾಕೋಶವನ್ನಾಗಿ ಹೊರಡಿಸಿದನು. ಸರಕುಗಳು ಕಣ್ಣೆದುರಿಗೆ ಹಾದುಹೋಗುತ್ತಿದ್ದ ಕಟ್ಟೆಯಲ್ಲಿ ಹುಟ್ಟಿದ ಗ್ರಂಥವಾದುದರಿಂದ ಅದಕ್ಕೆ ಒಂದು ಘನತೆಯುಂಟು. ಇಂಗ್ಲೆಂಡಿನಲ್ಲಿ ಮ್ಯಾಲಕಿ ಪಾಸಲ್‌ತ್ವೇಟ್ ಎಂಬವನು ೧೭೫೧ರಿಂದ ೧೭೫೫ರವರೆಗೆ ಪ್ರಕಟಿಸಿದ ಕೋಶವು ಸಾವರಿಯ ಗ್ರಂಥವನ್ನೇ ಆಧಾರವಾಗಿ ಹಿಡಿದುದು. ಅಷ್ಟನ್ನು ಅವನು ಒಪ್ಪಿಕೊಂಡನು. ಆದರೆ ರಿಚರ್ಡ್ ಕ್ಯಾಂಟಿಲನ್ ಎಂಬ ಅರ್ಥಶಾಸ್ತ್ರಜ್ಞನ ಇನ್ನೂ ಅಚ್ಚಾಗದಿದ್ದ ಪ್ರಬಂಧದ ದೊಡ್ಡ ಭಾಗಗಳು ಕರ್ತನ ಹೆಸರಿಲ್ಲದೆ ಆ ಕೋಶದೊಳಗೆ ಸೇರಿಕೊಂಡುವು. ಕ್ಯಾಂಟಿಲನ್ ೧೭೩೪ರಲ್ಲಿಯೇ ಸತ್ತಿದ್ದನು; ಅವನ ಗ್ರಂಥವು ೧೭೫೫ರಲ್ಲಿ ಬೆಳಕಿಗೆ ಬಂದಿತು. ಇಲ್ಲಿ ಅನ್ಯಾಯವಾದುದು ಸತ್ತವನಿಗೆ ಮಾತ್ರವಲ್ಲ. ಆಕರವು ಮರೆಯಾದೊಡನೆ ಆ ಮಾತು ಯಾವ ಕಾಲದ ಯಾವ ಅನುಭವದಿಂದ ಹುಟ್ಟಿತೆಂದು ತಿಳಿಯುವ ದಾರಿಯೂ ವಾಚಕನಿಗೆ ಮುಚ್ಚಿಹೋಯಿತು. ಇಪ್ಪತ್ತು ವರ್ಷಗಳ ಹಿಂದಿನ ವಿಚಾರವು ಇಂದಿನದೆಂಬಂತೆ ಅವನ ಕೈಸೇರಿತು.

ಇದಕ್ಕೆ ಪ್ರತಿಯಾಗಿ, ವಾಣಿಜ್ಯಕ್ಕೂ ಹಡಗುಗಳಿಗೂ ಸಮಾನವಾಗಿ ಸೇರಿದ ಲಾಯ್ಡ್ ಸಂಸ್ಥೆಯ ಹಡಗುಗಳ ದಾಖಲೆಯನ್ನು ನೋಡಬೇಕು. ಲಂಡನ್ನಿನಲ್ಲಿ ಲಾಯ್ಡ್ ಎಂಬವನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ಕಡಲ ವಿಮೆಗಾರರ ಕೂಟದಿಂದ ಬೆಳೆದ ಸಂಘವು ೧೭೬೦ರಲ್ಲಿ ಸ್ಥಾಪಿತವಾಯಿತು. ಅದರ ದಾಖಲೆಗಳಲ್ಲಿ ಈಗ ದೊರೆಯುವ ಅತಿ ಹಳೆಯದು ೧೭೬೪ರದು. ಹಡಗಿನ ಒಡಲಿನ ಸ್ಥಿತಿಯನ್ನು ಐದು ಸ್ವರಾಕ್ಷರಗಳಿಂದಲೂ, ಹಾಯಿ, ಹಗ್ಗ, ಲಂಗರು ಮೊದಲಾದ ಸಲಕರಣೆಗಳನ್ನು ಉತ್ತಮ, ಮಧ್ಯಮ, ಅಧಮ ಎಂಬ ಮೂರು ತರಗತಿಗಳಿಂದಲೂ ಅದರಲ್ಲಿ ಸೂಚಿಸುತ್ತಿದ್ದರು. ಒಂದು ಅಕ್ಷರವು ತಪ್ಪಿದರೆ ವಿಮೆಗಾರನ ಹಣವು ಕಡಲಿನ ಪಾಲು. ಆದುದರಿಂದ ವಿಮೆಗಾರರಿಗೆ ಅದು ನಿಷ್ಠೆಯುಳ್ಳ ಗ್ರಂಥವೇ ಆಗಿದ್ದಿತು. ಆದರೆ ಅದನ್ನು ಚಂದಾದಾರರಿಗೆ ಹೊರತಾಗಿ ಇತರರಿಗೆ ತೋರಿಸುತ್ತಿರಲಿಲ್ಲ. ತನ್ನ ಹಡಗಿನ ಭಾಗ್ಯವನ್ನು ನಿರ್ಣಯಿಸುವ ಅಕ್ಷರದ ವಿಷಯದಲ್ಲಿ ಹಡಗಿನ ಒಡೆಯನಿಗೆ ಮಾತಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಹಡಗು ಕಟ್ಟಲ್ಪಟ್ಟ ಸ್ಥಳವನ್ನು ನೋಡಿ ತರಗತಿಯನ್ನು ಗೊತ್ತುಮಾಡುವ ನಿಯಮವು ಬಂದು ಥೇಮ್ಸ್ ನದಿಯ ಹಡಗುಗಳಿಗೆ ಅನುಕೂಲವಾಗಲು, ಒಡೆಯರು ಸಿಡಿದೆದ್ದು ೧೭೯೯ರಲ್ಲಿ ತಮ್ಮದೇ ಬೇರೊಂದು ದಾಖಲೆಯನ್ನು ಹೊರಡಿಸಿದರು. ವಿಮೆಗಾರರದು ಹಸುರು ಪುಸ್ತಕವೆಂದೂ, ಒಡೆಯರದು ಕೆಂಪು ಪುಸ್ತಕವೆಂದೂ ಹೆಸರಾದುವು. ಒಂದೇ ಹಡಗಿಗೆ ಎರಡು ಪುಸ್ತಕಗಳು, ಎರಡು ಪಕ್ಷಗಳು. ಮೂವತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ನಡೆದ ಈ ಸ್ಪರ್ಧೆಯಿಂದ ಎರಡೂ ಸೊರಗಿ, ೧೮೩೪ರಲ್ಲಿ ಒಂದಾದುವು. ಅಂದಿನಿಂದ ವರ್ತಕರು, ಹಡಗಿನ ಒಡೆಯರು, ವಿಮೆಗಾರರು ಎಂಬ ಮೂವರಿಗೂ ಅದರ ಆಡಳಿತದಲ್ಲಿ ಸ್ಥಾನವು ದೊರೆಯಿತು. ಕೊಳ್ಳುವವನಿಗೆ ಮಾತ್ರ ಉತ್ತರ ಹೇಳುವ ಗ್ರಂಥವು ಅರ್ಧ ಪ್ರಾಮಾಣಿಕ. ಯಾರ ವಿಷಯವನ್ನು ಬರೆಯುವುದೋ ಅವನಿಗೂ ಉತ್ತರ ಹೇಳುವುದಾದರೆ ಪೂರ್ಣ ಪ್ರಾಮಾಣಿಕ. ಈ ಪಾಠವನ್ನು ಲಾಯ್ಡ್ ದಾಖಲೆಯು ಬಹಳ ಬೆಲೆಕೊಟ್ಟು ಕಲಿಯಿತು.

ನೌಕಾಚರಿತ್ರೆಯಲ್ಲಿ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುವುದು. ಏಕೆಂದರೆ ಅಲ್ಲಿ ಬರೆಯುವವನಿಗೆ ದೇಶಾಭಿಮಾನವಿರುವುದು. ಜಮೈಕಾ ದ್ವೀಪದ ನೌಕಾನ್ಯಾಯಸ್ಥಾನದಲ್ಲಿ ವಕೀಲಿಯನ್ನು ಮಾಡುತ್ತಿದ್ದ ವಿಲಿಯಂ ಜೇಮ್ಸ್ ಎಂಬ ಆಂಗ್ಲೇಯನು ೧೮೧೨ರ ಯುದ್ಧವು ಆರಂಭವಾದಾಗ ಅಮೆರಿಕದಲ್ಲಿದ್ದು, ಅಲ್ಲಿ ತಡೆಯಲ್ಪಟ್ಟು, ಅನಂತರ ತಪ್ಪಿಸಿಕೊಂಡು ಹ್ಯಾಲಿಫ್ಯಾಕ್ಸ್ ನಗರವನ್ನು ಸೇರಿದನು. ಆ ವರ್ಷದ ಆಗಸ್ಟಿನಲ್ಲಿ ‘ಕಾನ್‌ಸ್ಟಿಟ್ಯೂಷನ್’ ಎಂಬ ಅಮೆರಿಕದ ಹಡಗು ‘ಗೆರಿಯರ್’ ಎಂಬ ಬ್ರಿಟಿಷ್ ಹಡಗನ್ನು ಸೋಲಿಸಿದ್ದಿತು. ಮೊದಲನೆಯದು ೪೪, ಎರಡನೆಯದು ೩೮ ಫಿರಂಗಿಗಳ ಹಡಗೆಂದು ಪಟ್ಟಿಗಳಲ್ಲಿ ನಮೂದಾಗಿದ್ದುವು. ಪಟ್ಟಿಯ ಸಂಖ್ಯೆಯು ಬೇರೆ, ಹಡಗಿನ ಮೇಲೆ ನಿಜವಾಗಿ ಇದ್ದ ಫಿರಂಗಿಗಳು ಬೇರೆಯೆಂದು ತೋರಿಸಿ, ಗುಂಡುಗಳ ತೂಕ, ನಾವಿಕರ ಸಂಖ್ಯೆ ಮುಂತಾದುವುಗಳನ್ನು ವಕೀಲನು ಸಾಕ್ಷ್ಯವನ್ನು ಜೋಡಿಸುವಂತೆ ಜೋಡಿಸಿ, ಜೇಮ್ಸನು ೧೮೧೭ರಲ್ಲಿ ಆ ಯುದ್ಧದ ವಿಷಯವಾಗಿಯೂ, ೧೮೨೨ರಿಂದ ೧೮೨೪ರೊಳಗೆ ಬ್ರಿಟಿಷ್ ನೌಕಾಬಲದ ವಿಷಯವಾಗಿಯೂ ವಿಸ್ತಾರವಾದ ಗ್ರಂಥಗಳನ್ನು ಪ್ರಕಟಿಸಿದನು. ನೌಕಾಚರಿತ್ರೆಯಲ್ಲಿ ಅಲಂಕಾರದ ಸ್ಥಾನವನ್ನು ಅಂಕಿಗೆ ಕೊಟ್ಟವರಲ್ಲಿ ಅವನು ಅಗ್ರಗಣ್ಯನು.

ಜೇಮ್ಸನು ನಿಷ್ಪಕ್ಷಪಾತಿಯಲ್ಲ. ಅಮೆರಿಕದವರ ಮೇಲೆ ಅವನಿಗಿದ್ದ ರೋಷವು ಪುಟಪುಟದಲ್ಲಿಯೂ ಕಾಣುವುದು. ೧೮೮೨ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದ ಥಿಯೊಡೋರ್ ರೂಸ್‌ವೆಲ್ಟನು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅದೇ ಯುದ್ಧದ ಚರಿತ್ರೆಯನ್ನು ಬರೆದು ಜೇಮ್ಸನ ವಕ್ರತೆಗಳನ್ನು ಬಯಲಿಗೆಳೆದನು. ಜೊತೆಗೆ ತನ್ನ ದೇಶದ ಚರಿತ್ರಕಾರರ ಅತಿಶಯೋಕ್ತಿಗಳನ್ನೂ ಬಿಡಲಿಲ್ಲ. ಇಲ್ಲಿ ವಿಚಾರಿಸತಕ್ಕ ಅಂಶವೇನೆಂದರೆ, ರೂಸ್‌ವೆಲ್ಟನಿಗೆ ಖಂಡನೆಯು ಸಾಧ್ಯವಾದುದೇ ಜೇಮ್ಸನು ತನ್ನ ಲೆಕ್ಕವನ್ನು ಬಿಚ್ಚಿಟ್ಟಿದ್ದುದರಿಂದ. ಗೆಲುವು ಸೋಲುಗಳನ್ನು ಮಾತ್ರ ವರ್ಣಿಸಿದ್ದರೆ ಅವನನ್ನು ನಂಬಬಹುದಾಗಿತ್ತು, ಅಥವಾ ಬಿಡಬಹುದಾಗಿತ್ತು, ತಿದ್ದುವುದು ಶಕ್ಯವಿರಲಿಲ್ಲ. ಆಧಾರವನ್ನು ತೋರಿಸಿದ ಪಕ್ಷಪಾತಿಯು ಆಧಾರವನ್ನು ಮುಚ್ಚಿದ ಮಧ್ಯಸ್ಥನಿಗಿಂತ ವಾಚಕನಿಗೆ ಹೆಚ್ಚು ಉಪಕಾರಿ. ಈ ವಿವಾದದ ಕೊನೆಯೂ ಸ್ಮರಣೀಯವಾದುದು. ವಿಲಿಯಂ ಲೇಯರ್ಡ್ ಕ್ಲೌಸ್ ಎಂಬವನು ೧೮೯೭ರಿಂದ ೧೯೦೩ರವರೆಗೆ ಬ್ರಿಟಿಷ್ ನೌಕಾಬಲದ ಚರಿತ್ರೆಯನ್ನು ಏಳು ಸಂಪುಟಗಳಲ್ಲಿ ಹೊರಡಿಸಿದಾಗ, ೧೮೧೨ರ ಯುದ್ಧದ ಭಾಗವನ್ನು ಬರೆಯುವ ಕೆಲಸವನ್ನು ರೂಸ್‌ವೆಲ್ಟನಿಗೇ ಒಪ್ಪಿಸಿದನು. ಎದುರಾಳಿಯ ಲೇಖನಿಗೆ ತನ್ನ ಗ್ರಂಥದಲ್ಲಿ ಸ್ಥಳವನ್ನು ಕೊಟ್ಟ ಸಂಪಾದಕನು ಆ ಗ್ರಂಥದ ಪ್ರಾಮಾಣ್ಯವನ್ನು ಹೆಚ್ಚಿಸಿದನೇ ಹೊರತು ಕುಗ್ಗಿಸಲಿಲ್ಲ.

ಈ ನಾಲ್ಕು ಕ್ಷೇತ್ರಗಳ ಪರಾಮರ್ಶೆಯಿಂದ ಮೂರು ಲಕ್ಷಣಗಳು ಸಿದ್ಧವಾಗುವುವು. ಮೊದಲನೆಯದು ಕಾಲನಿರ್ದೇಶ: ಗ್ರಂಥವು ಎಂದಿನವರೆಗೆ ಸಲ್ಲುವುದೆಂಬುದನ್ನು ತಾನೇ ಹೇಳಬೇಕು. ಎರಡನೆಯದು ಆಕರನಿರ್ದೇಶ: ಪ್ರತಿಯೊಂದು ಮಾತಿನ ಮೂಲವೂ ವಾಚಕನಿಗೆ ದೊರೆಯುವಂತಿರಬೇಕು. ಮೂರನೆಯದು ಪಕ್ಷಾಂತರನಿರ್ದೇಶ: ಮತಭೇದವಿರುವ ಕಡೆ ಅದನ್ನು ಕಾಣಿಸಿ, ಬಾಧಿತನಾದವನಿಗೆ ಮಾತಾಡುವ ಅವಕಾಶವನ್ನು ಕೊಡಬೇಕು. ಇಷ್ಟೆಲ್ಲ ಹೊಣೆಯನ್ನು ಹೊರಿಸಿದರೆ ಗ್ರಂಥಗಳೇ ಹುಟ್ಟಲಾರವೆಂದು ಆಕ್ಷೇಪಿಸಬಹುದು. ಆದರೆ ಈ ಮೂರೂ ವಿಸ್ತಾರವನ್ನು ಬೇಡುವುವಲ್ಲ, ಸತ್ಯಸಂಧತೆಯನ್ನು ಬೇಡುವುವು. ತಿಂಗಳಿನ ಹೆಸರನ್ನು ಅಚ್ಚುಹಾಕುವುದಕ್ಕೆ ಬ್ರಾಡ್‌ಷಾನಿಗೆ ಒಂದು ಸಾಲಿಗಿಂತ ಹೆಚ್ಚು ಸ್ಥಳವು ಬೇಕಾಗಲಿಲ್ಲ.

ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ. ಕಾನೂನು, ಹಡಗು, ದಾರಿ, ವ್ಯಾಪಾರ ಈ ನಾಲ್ಕನ್ನೂ ಒಂದೇ ಕಡೆ ನಿರೂಪಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ಲೋಕಕ್ಕೆ ದೊರೆತುದೇ ಮೈಸೂರಿನಲ್ಲಿ. ಆರ್. ಶಾಮಶಾಸ್ತ್ರಿಗಳು ಅಲ್ಲಿಯ ಪ್ರಾಚ್ಯಗ್ರಂಥಾಲಯದ ಓಲೆಯ ಪ್ರತಿಯನ್ನು ಪರಿಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದರು. ಹಿಂದಣ ಆಚಾರ್ಯರ ಶಾಸ್ತ್ರಗಳನ್ನು ಸಂಗ್ರಹಿಸಿ ರಚಿಸಿದುದೆಂದು ಆ ಗ್ರಂಥವು ಆರಂಭದಲ್ಲಿಯೇ ಒಪ್ಪಿಕೊಳ್ಳುವುದು. ಮತಭೇದವಿದ್ದ ಕಡೆ ಮೊದಲು ಪೂರ್ವಾಚಾರ್ಯರ ಮತವನ್ನೂ ಅನಂತರ ತನ್ನದನ್ನೂ ಹೇಳುವುದು. ಕೊನೆಯ ಅಧಿಕರಣದಲ್ಲಿ ಮೂವತ್ತೆರಡು ತಂತ್ರಯುಕ್ತಿಗಳನ್ನು ಎಣಿಸಿ ಗ್ರಂಥವನ್ನು ಹೇಗೆ ಓದಬೇಕೆಂಬುದನ್ನೂ ತಿಳಿಸುವುದು. ಆಕರವೂ ಪಕ್ಷಾಂತರವೂ ಅದರಲ್ಲಿ ಸ್ಪಷ್ಟವಾಗಿವೆ. ತನ್ನ ಕಾಲವನ್ನು ಮಾತ್ರ ಅದು ಹೇಳಲಿಲ್ಲ. ಆ ಒಂದು ಕೊರತೆಯ ಫಲವಾಗಿ ವಿದ್ವಾಂಸರು ಇಂದಿಗೂ ಅದರ ಕಾಲವನ್ನು ಕುರಿತು ವಾದಿಸುತ್ತಿರುವರು.

೧೮೫೫ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಎಚ್. ಎಚ್. ವಿಲ್ಸನ್ನನ ನ್ಯಾಯ ಮತ್ತು ಕಂದಾಯದ ಶಬ್ದಕೋಶದಲ್ಲಿ ಭಾರತದ ಇತರ ಭಾಷೆಗಳೊಂದಿಗೆ ಕನ್ನಡದ ಶಬ್ದಗಳೂ ಸೇರಿವೆ. ಯಾವ ಶಬ್ದವು ಯಾವ ಭಾಷೆಯದೆಂದು ಸೂಚಿಸಿರುವುದು ಅದರ ಗುಣ. ಆದರೆ ಅದು ಸರ್ಕಾರದ ಕಾಗದಗಳನ್ನು ಓದುವ ಅಧಿಕಾರಿಗಳಿಗಾಗಿ ಹುಟ್ಟಿದುದು. ಯಾರ ಭೂಮಿಯನ್ನು ಆ ಶಬ್ದಗಳು ಅಳೆಯುತ್ತಿದ್ದುವೋ ಆ ರೈತನು ಅದರ ವಾಚಕನೂ ಅಲ್ಲ, ಪರೀಕ್ಷಕನೂ ಅಲ್ಲ. ಹಸುರು ಪುಸ್ತಕದ ಮುಂದೆ ಹಡಗಿನ ಒಡೆಯನು ಹೇಗೋ, ಇಂಥ ಕೋಶದ ಮುಂದೆ ಒಕ್ಕಲಿನವನು ಹಾಗೆ. ಕರಾವಳಿಯಲ್ಲಿ ಮೂಲಗೇಣಿಯೆಂದರೆ ವಂಶಪಾರಂಪರ್ಯವಾಗಿ ನಿಲ್ಲತಕ್ಕ ಹಕ್ಕು. ಚಾಲಗೇಣಿಯೆಂದರೆ ಒಡೆಯನ ಇಚ್ಛೆಯಿರುವಷ್ಟು ಕಾಲ ನಡೆಯತಕ್ಕದ್ದು. ಎರಡಕ್ಕೂ ಗೇಣಿಯೆಂಬ ಒಂದೇ ಅರ್ಥವನ್ನು ಬರೆಯುವ ಕೋಶಕಾರನು ಒಂದು ಸಂಸಾರದ ನೆಲವನ್ನು ಒಂದು ಸಾಲಿನಲ್ಲಿ ಅಳಿಸಬಲ್ಲನು. ಕರ್ನಾಟಕದಲ್ಲಿ ೧೯೭೪ರ ಭೂಸುಧಾರಣೆಯ ತಿದ್ದುಪಡಿಯು ಕೃಷಿಭೂಮಿಯ ಗೇಣಿ ಪದ್ಧತಿಯನ್ನು ತೆಗೆದುಹಾಕಿದರೂ, ಹಳೆಯ ಪತ್ರಗಳಲ್ಲಿ ಈ ಶಬ್ದಗಳು ಉಳಿದಿವೆ. ಅವುಗಳ ಅರ್ಥವು ಇನ್ನೂ ಬೇಕಾಗಿರುವುದು.

ಕನ್ನಡದಲ್ಲಿ ಶಾಸ್ತ್ರೀಯ ಕೋಶಗಳಿಗೆ ಒಳ್ಳೆಯ ಮೇಲ್ಪಂಕ್ತಿಯಿಲ್ಲವೆಂದು ಹೇಳುವಂತಿಲ್ಲ. ಕಿಟ್ಟೆಲರು ೧೮೯೪ರ ತಮ್ಮ ನಿಘಂಟಿನಲ್ಲಿ ಪ್ರಯೋಗಗಳ ಆಕರಗಳನ್ನು ಸೂಚಿಸುತ್ತ ಹೋಗಿ ಆ ದಾರಿಯನ್ನು ತೋರಿಸಿರುವರು. ಕಾನೂನಿಗೂ ವಾಣಿಜ್ಯಕ್ಕೂ ಸಂಬಂಧಪಟ್ಟ ಕೋಶಗಳನ್ನು ಕನ್ನಡದಲ್ಲಿ ರಚಿಸತಕ್ಕವರು ಪರಭಾಷೆಯ ಶಬ್ದಕ್ಕೆ ಸಮಾನಪದವನ್ನು ಕೊಟ್ಟು ತೃಪ್ತರಾಗದೆ, ಆ ಅರ್ಥವು ಯಾವ ಶಾಸನದಲ್ಲಿ, ಯಾವ ವರ್ಷದಿಂದ, ಯಾವ ಸೀಮೆಯಲ್ಲಿ ಸಲ್ಲುವುದೆಂದೂ, ರೂಢಿಯಲ್ಲಿ ಅದಕ್ಕೆ ಬೇರೆ ಅರ್ಥವಿದೆಯೇ ಎಂದೂ ಬರೆಯಬೇಕು.

ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣದಲ್ಲಿ ಒಂದು ನಿಯಮವುಂಟು. ಸಾಕಷ್ಟು ನಾವಿಕರಾಗಲಿ ಸಲಕರಣೆಗಳಾಗಲಿ ಇಲ್ಲದೆ, ಅಥವಾ ದುರಸ್ತಿಯಿಲ್ಲದೆ ನಾವೆಯು ಕೆಟ್ಟರೆ, ಹಾಳಾದುದನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ನಾವೆಯನ್ನೇರುವವನು ಅದರ ಹಲಗೆಗಳನ್ನು ತಟ್ಟಿನೋಡಲಾರನು. ಆದುದರಿಂದಲೇ ಹೊಣೆಯು ಅಧ್ಯಕ್ಷನದು. ಪರಾಮರ್ಶನ ಗ್ರಂಥವನ್ನು ತೆರೆಯುವವನ ಸ್ಥಿತಿಯೂ ಅದೇ.